ರೋಸ್ ಬೇಯ ಜಲವಿಮಾನ: ಹತ್ತುವ ಮುನ್ನ ಕೇಳಬೇಕಾದದ್ದು

ಬೆಂಗಳೂರಿನಿಂದ ಮಕ್ಕಳ ಮನೆಗೆಂದು ಸಿಡ್ನಿಗೆ ಹೋಗುವ ನಮ್ಮಂಥ ಹಿರಿಯರು ನೋಡಬೇಕೆಂದುಕೊಳ್ಳುವ ಜಾಗಗಳ ಸಾಲಿನಲ್ಲಿ ಆಪೆರಾ ಹೌಸ್, ಹಾರ್ಬರ್ ಬ್ರಿಜ್‌ಗಳ ಜೊತೆಗೆ ಈಗ ಸೀಪ್ಲೇನ್ ಸವಾರಿಯೂ ಸೇರಿದೆ. ರೋಸ್ ಬೇಯ ನೀರಿನಿಂದ ಏಳುವ ಆ ಪುಟ್ಟ ವಿಮಾನದಲ್ಲಿ ನಾನೂ ನನ್ನ ಹೆಂಡತಿಯೂ ಹಾರಿ ಬಂದೆವು. ನೋಟದ ಸೊಗಸನ್ನು ಹೇಳುವವರು ಬೇಕಾದಷ್ಟು ಜನರಿದ್ದಾರೆ. ಎಚ್‌ಎಎಲ್‌ನಲ್ಲಿ ಎಂಜಿನ್ ತಪಾಸಣೆಯ ಕೆಲಸ ಮಾಡಿ ನಿವೃತ್ತನಾದ ನನಗೆ ಹೇಳಬೇಕೆನಿಸಿರುವುದು ಬೇರೆ: ಆರು ಜೀವಗಳು ಹೋದ ಮೇಲೆ ಮತ್ತೆ ಹಾರಾಟ ಆರಂಭಿಸಿದ ಸೇವೆಯೊಂದನ್ನು ಪ್ರಯಾಣಿಕ ಏನನ್ನು ನೋಡಿ ನಂಬಬೇಕು ಎಂಬುದು.

2017ರ ಡಿಸೆಂಬರ್ 31ರ ಮಧ್ಯಾಹ್ನ, ಹಾಕ್ಸ್‌ಬರಿ ನದಿಯ ಕಡೆಯ ಕಾಟೇಜ್ ಪಾಯಿಂಟ್‌ನಿಂದ ರೋಸ್ ಬೇಗೆ ಹಿಂತಿರುಗಬೇಕಿದ್ದ ಬೀವರ್ ಮಾದರಿಯ ಜಲವಿಮಾನ, ಮೇಲೆದ್ದ ಸ್ವಲ್ಪ ಹೊತ್ತಿನಲ್ಲೇ ದಾರಿ ತಪ್ಪಿ ಜೆರುಸಲೇಮ್ ಬೇ ಎಂಬ ಗುಡ್ಡಗಳ ನಡುವಿನ ಇಕ್ಕಟ್ಟಾದ ಕೊಲ್ಲಿಯೊಳಕ್ಕೆ ಹೋಯಿತು. ಅಲ್ಲಿ ತೀರಾ ಕಡಿಮೆ ಎತ್ತರದಲ್ಲಿ ಕಡಿದಾಗಿ ಬಲಕ್ಕೆ ತಿರುಗಿ ನೀರಿಗೆ ಬಿತ್ತು. ಪೈಲಟ್ ಮತ್ತು ಐವರು ಪ್ರಯಾಣಿಕರಲ್ಲಿ ಯಾರೂ ಉಳಿಯಲಿಲ್ಲ. ಆ ಜಾಗವನ್ನು ಬಲ್ಲ ಅನುಭವಿ ಪೈಲಟ್ ಅತ್ತ ಏಕೆ ಹೋದರೆಂಬುದು ಬಹುಕಾಲ ಯಾರಿಗೂ ಅರ್ಥವಾಗಲಿಲ್ಲ.

ಉತ್ತರ ಸಿಕ್ಕಿದ್ದು ಎರಡು ವರ್ಷಗಳಾದ ಮೇಲೆ, ರಕ್ತದ ಮಾದರಿಗಳನ್ನು ಮತ್ತೆ ಪರೀಕ್ಷಿಸಿದಾಗ. ಪೈಲಟ್ ಮತ್ತು ಪ್ರಯಾಣಿಕರ ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಇತ್ತು. 2021ರ ಜನವರಿಯಲ್ಲಿ ಹೊರಬಂದ ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಮಂಡಳಿಯ ಅಂತಿಮ ವರದಿಯನ್ನು ನಾನು ಹೋಗುವ ಮುನ್ನ ಎರಡು ಸಲ ಓದಿದೆ. ಎಂಜಿನ್ನಿನ ಹೊಗೆಯನ್ನು ಹೊರಹಾಕುವ ಕೊಳವೆಯಲ್ಲಿ ಬಿರುಕಿತ್ತು. ಎಂಜಿನ್ನಿಗೂ ಜನ ಕೂರುವ ಕ್ಯಾಬಿನ್ನಿಗೂ ನಡುವಿನ ಫೈರ್‌ವಾಲ್‌ನಲ್ಲಿ, ಎಂಜಿನ್ನಿಗೆ ಕಿಡಿ ಒದಗಿಸುವ ಮ್ಯಾಗ್ನೆಟೊ ತಲುಪಲು ಇರುವ ಮುಚ್ಚಳದ ಬೋಲ್ಟ್‌ಗಳು ಇರಬೇಕಾದ ಕಡೆ ಇರಲಿಲ್ಲ. ಆ ತೂತುಗಳಿಂದ ಅನಿಲ ಒಳಕ್ಕೆ ಬಂದು, ಪೈಲಟ್‌ನ ವಿವೇಚನಾಶಕ್ತಿಯನ್ನೇ ಕುಂದಿಸಿತು ಎಂಬುದು ಮಂಡಳಿಯ ನಿರ್ಣಯ. ನನ್ನ ಕೆಲಸದ ದಿನಗಳಲ್ಲಿ, ಬಿಚ್ಚಿದ ಬೋಲ್ಟ್‌ಗಳನ್ನು ತಟ್ಟೆಯಲ್ಲಿಟ್ಟು, ಹಾಕುವಾಗ ಮತ್ತೆ ಎಣಿಸಿ, ಆಮೇಲೆಯೇ ಸಹಿ ಹಾಕುವ ಪದ್ಧತಿಯನ್ನು ಹೊಸಬರಿಗೆ ಕಲಿಸುತ್ತಿದ್ದೆ. ಆದ್ದರಿಂದ ಆ ಪುಟಗಳನ್ನು ಓದುವಾಗ ಕೈ ನಡುಗಿತು.

ಈ ಅನಿಲದ ಪರಿಚಯ ಬೆಂಗಳೂರಿನವರಿಗೆ ಬೇರೆ ಯಾರೂ ಮಾಡಿಸಬೇಕಾಗಿಲ್ಲ. ಕಿಟಕಿ ಮುಚ್ಚಿದ ಬಚ್ಚಲಮನೆಯ ಗ್ಯಾಸ್ ಗೀಸರ್‌ನಿಂದ ಸಾವುಗಳಾದ ಸುದ್ದಿಯನ್ನು ನಾವು ಪತ್ರಿಕೆಯಲ್ಲಿ ಎಷ್ಟೋ ಸಲ ಓದಿದ್ದೇವೆ. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲ ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಲವಾಗಿ ಹಿಡಿದುಕೊಳ್ಳುತ್ತದೆ. ತಲೆ ಮಂಕಾಗುತ್ತಿದೆಯೆಂದು ತಿಳಿಯಬೇಕಾದ ತಲೆಯೇ ಮೊದಲು ಮಂಕಾಗುತ್ತದೆ. ಸಣ್ಣ ವಿಮಾನಗಳಲ್ಲಿ ಅಂಟಿಸುವ, ಬಣ್ಣ ಬದಲಿಸುವ ಚುಕ್ಕೆಯ ಕಾರ್ಡನ್ನು ನಂಬಿ ಕೂರಬಾರದು, ಪಿಸ್ಟನ್ ಎಂಜಿನ್ನಿನ ವಿಮಾನಗಳಲ್ಲಿ ಪೈಲಟ್‌ನ ಗಮನವನ್ನು ತಾನಾಗಿಯೇ ಸೆಳೆದು ಎಚ್ಚರಿಸುವ ಉಪಕರಣವಿರಬೇಕು ಎಂದು ಮಂಡಳಿ ಹೇಳಿದ್ದು ಇದಕ್ಕಾಗಿಯೇ.

ಅಪಘಾತದ ನಂತರ ನಿಲ್ಲಿಸಿದ್ದ ಹಾರಾಟವನ್ನು ಸಂಸ್ಥೆ 2018ರ ಜನವರಿಯಲ್ಲೇ ಪುನರಾರಂಭಿಸಿತು. ಅಂದರೆ, ಕಾರಣ ತಿಳಿಯುವುದಕ್ಕೆ ಬಹಳ ಮೊದಲೇ. ಕಾನೂನಿನ ಪ್ರಕಾರ ಅದರಲ್ಲಿ ತಪ್ಪಿಲ್ಲದಿರಬಹುದು. ಆದರೆ ಅಂದು ಹತ್ತಿದವರಿಗಿದ್ದ ಧೈರ್ಯ ಸಂಸ್ಥೆಯ ಹಳೆಯ ಹೆಸರನ್ನು ನಂಬಿದ್ದು. ಇಂದು ಹತ್ತುವವರು ವರದಿಯನ್ನೇ ಕೈಯಲ್ಲಿ ಹಿಡಿದು ಕೇಳಬಹುದು. ನನ್ನ ದೃಷ್ಟಿಯಲ್ಲಿ ಈ ಸೇವೆ ನಿಜವಾಗಿ ಮರಳಿ ಬಂದದ್ದು ಆ ವರದಿ ಬಂದ ಮೇಲೆ.

ನಾವು ಹತ್ತಿದ್ದು ಬೀವರ್ ಅಲ್ಲ, ಸೆಸ್ನಾ ಕ್ಯಾರವಾನ್. ಅದರದು ಬೀವರ್‌ನಂತೆ ಪಿಸ್ಟನ್ ಅಲ್ಲ, ಟರ್ಬೈನ್ ಎಂಜಿನ್. ಹತ್ತುವ ಮುನ್ನ ಸೊಂಟಕ್ಕೆ ಕಟ್ಟುವ ಚೀಲದಲ್ಲಿ ಜೀವರಕ್ಷಕ ಜಾಕೆಟ್ ಕೊಟ್ಟರು; ನೀರಿಗೆ ಬಿದ್ದರೆ ವಿಮಾನದಿಂದ ಹೊರಬಂದ ಮೇಲೆಯೇ ಗಾಳಿ ತುಂಬಿಸಬೇಕು, ಒಳಗೇ ತುಂಬಿಸಿದರೆ ತೇಲಿ ಚಾವಣಿಗೆ ಸಿಕ್ಕಿಕೊಳ್ಳುತ್ತೀರಿ ಎಂದು ಅವಸರವಿಲ್ಲದೆ ವಿವರಿಸಿದರು. ಕಾರ್ಬನ್ ಮಾನಾಕ್ಸೈಡ್ ಬಗ್ಗೆ ನಾನು ಕೇಳಿದಾಗ ಯಾರೂ ಮುಖ ಸಿಂಡರಿಸಲಿಲ್ಲ. ನಿಂತು ಉತ್ತರ ಹೇಳಿದರು. ಈ ಸೇವೆಯಲ್ಲಿ ನಾನು ಅತ್ಯಂತ ಮೆಚ್ಚಿದ್ದು ಆ ಎರಡು ನಿಮಿಷವನ್ನು.

ವಿಮಾನವನ್ನು ತೇಲಿಸುವ ಫ್ಲೋಟುಗಳು ನೀರನ್ನು ಬಿಡುವ ಗಳಿಗೆಯ ನಡುಕ ಒಮ್ಮೆಲೇ ನಿಂತುಬಿಡುತ್ತದೆ. 1938ರಲ್ಲಿ ಇದೇ ಕೊಲ್ಲಿಯಿಂದ ಕಲ್ಕತ್ತಾ, ಕರಾಚಿಗಳ ಮಾರ್ಗವಾಗಿ ಇಂಗ್ಲೆಂಡಿಗೆ ಹಾರುದೋಣಿಗಳು ಹೋಗುತ್ತಿದ್ದವು. ನನ್ನ ಮನಸ್ಸು ಮಾತ್ರ ಬೆಳ್ಳಂದೂರಿಗೆ ಓಡಿತು: ಎರಡನೇ ಮಹಾಯುದ್ಧದ ಕಾಲದಲ್ಲಿ ರಿಪೇರಿಗೆಂದು ನಮ್ಮ ಕಾರ್ಖಾನೆಗೆ ಬರುತ್ತಿದ್ದ ಕ್ಯಾಟಲೈನಾ ವಿಮಾನಗಳು ಆ ಕೆರೆಯ ನೀರಿನ ಮೇಲೇ ಇಳಿಯುತ್ತಿದ್ದವು. ಇಂದು ನೊರೆಗೆ ಹೆಸರಾದ ಆ ಕೆರೆಯನ್ನು ನೆನೆದು ಹೊಟ್ಟೆಯಲ್ಲಿ ಸಂಕಟವಾಯಿತು. ಉತ್ತರದ ಕಡಲತೀರಗಳ ಗುಂಟ ಪಾಮ್ ಬೀಚ್‌ವರೆಗಿನ ನೋಟ ಬಹಳ ಚೆನ್ನಾಗಿದೆ.

ನನ್ನ ದೂರು ಇರುವುದು ಇಲ್ಲಿಯ, ಅಂದರೆ ಬೆಂಗಳೂರಿನ, ಟಿಕೆಟ್ ಮಾಡಿಕೊಟ್ಟ ಟ್ರಾವೆಲ್ ಏಜೆಂಟರ ಮೇಲೆ. ಯಾವ ಮಾದರಿಯ ವಿಮಾನವೆಂದು ನಾನು ಕೇಳಿದರೆ, "ಸಾರ್, ಎಲ್ಲಾ ಸೇಫ್, ತುಂಬಾ ಜನ ಹೋಗಿ ಬಂದಿದ್ದಾರೆ" ಎಂದರೇ ಹೊರತು ಉತ್ತರ ಕೊಡಲಿಲ್ಲ. ಅಪಘಾತದ ವಿಷಯ ಅವರಿಗೆ ತಿಳಿದೇ ಇರಲಿಲ್ಲ. ನಿವೃತ್ತಿಯ ಉಳಿತಾಯದಿಂದ ಹಣ ಕೊಡುವ ಹಿರಿಯರಿಗೆ ಟಿಕೆಟ್ ಮಾರುವವರು ಇಷ್ಟನ್ನಾದರೂ ತಿಳಿದಿರಬೇಕು. ಬರುವ ಡಿಸೆಂಬರ್‌ನಲ್ಲಿ ನನ್ನ ತಮ್ಮನ ಕುಟುಂಬ ಹೋಗಲಿದೆ. ಹೋಗಬೇಡವೆಂದು ನಾನು ಹೇಳಿಲ್ಲ. ಎಂಜಿನ್ ಪಿಸ್ಟನ್ನಿನದೋ ಟರ್ಬೈನಿನದೋ, ಪಿಸ್ಟನ್ ಆದರೆ ಎಚ್ಚರಿಸುವ ಉಪಕರಣ ಇದೆಯೋ ಇಲ್ಲವೋ ಎಂದು ಕೇಳಿಯೇ ಹಣ ಕಟ್ಟು ಎಂದು ಅವನ ಡೈರಿಯಲ್ಲಿ ಬರೆದುಕೊಟ್ಟಿದ್ದೇನೆ.