ಅಟ್ಟದಿಂದಿಳಿಸಿದ ಹಳೆಯ ಬೂಟಿಗೆ ಅಂಟು ಹಚ್ಚಿ ಬೆಟ್ಟ ಹತ್ತಬೇಡಿ

ವರ್ಷಗಟ್ಟಲೆ ಎತ್ತಿಟ್ಟ ಚಾರಣದ ಬೂಟಿನ ಸೋಲ್ ಬಾಯಿ ಬಿಟ್ಟಿದ್ದರೆ ಅದನ್ನು ಮನೆಯಲ್ಲಿ ಅಂಟಿಸಿ ಹಾಕಿಕೊಳ್ಳಬೇಡಿ. ಎಷ್ಟೇ ಒಳ್ಳೆಯ ಅಂಟು ತಂದರೂ, ಎಷ್ಟೇ ಶ್ರದ್ಧೆಯಿಂದ ಹಚ್ಚಿದರೂ ಅದು ನಿಲ್ಲುವುದಿಲ್ಲ. ಅಂಟು ಯಾವುದನ್ನು ಹಿಡಿದುಕೊಳ್ಳಬೇಕೋ ಆ ಪದರವೇ ಒಳಗೊಳಗೆ ಸತ್ತು ಹೋಗಿರುತ್ತದೆ. ಈ ಸಂಗತಿಯನ್ನು ನಮಗೆ ಯಾರೂ ಹೇಳಿರಲಿಲ್ಲ. ನನ್ನ ಅಣ್ಣ ಕುಮಾರಪರ್ವತದಿಂದ ಇಳಿಯುವಾಗ ಪಾದ ಸುಟ್ಟುಕೊಂಡು, ಲಿಗಮೆಂಟ್ ಹರಿದುಕೊಂಡು, ಇಬ್ಬರ ಹೆಗಲ ಮೇಲೆ ಕೈಹಾಕಿ ಕೆಳಗೆ ಬರಬೇಕಾಯಿತು. ಮಳೆ ನಿಂತು ಚಾರಣದ ಕಾಲ ಶುರುವಾದಾಗಲೆಲ್ಲ ಮನೆಮನೆಯ ಅಟ್ಟದಿಂದ ಬೂಟಿನ ಡಬ್ಬಿಗಳು ಇಳಿಯುತ್ತವೆ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಬೂಟು ಕಳಪೆಯದಲ್ಲ. ದುಬಾರಿ ಬೆಲೆ ಕೊಟ್ಟು ಕೊಂಡದ್ದು. ಕೊಂಡು ಏಳೆಂಟು ವರ್ಷವಾಗಿದ್ದರೂ ಮದುವೆ, ಮಗು, ವರ್ಗಾವಣೆ ಎಂದು ಅಣ್ಣ ಅದನ್ನು ಹಾಕಿಕೊಂಡದ್ದು ಬಹಳ ಕಡಿಮೆ. ಉಡುಪಿಯ ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿಗೆ ಗಂಟು ಬಿಗಿದು, ಡಬ್ಬಿಯಲ್ಲಿಟ್ಟು ಅಟ್ಟಕ್ಕೆ ಸೇರಿಸಿದ್ದ. ಹೊರಗೆ ತೆಗೆದಾಗ ಮೇಲಿನ ಚರ್ಮ ಹೊಸದರಂತೆಯೇ ಇತ್ತು. ಸೋಲಿನ ಹಲ್ಲುಗಳು ಒಂದಿಷ್ಟೂ ಸವೆದಿರಲಿಲ್ಲ. ಹೆಬ್ಬೆರಳು ಬರುವ ಜಾಗದಲ್ಲಿ ಮಾತ್ರ ರಬ್ಬರು ಸ್ವಲ್ಪ ಬಿಟ್ಟುಕೊಂಡಿತ್ತು. ಅಂಗಡಿಯವರು ಒಂದು ಟ್ಯೂಬು ಕೊಟ್ಟು, “ಬೂಟಿಗೆಂದೇ ಬಂದದ್ದು ಸಾರ್, ಒಣಗಿದ ಮೇಲೂ ರಬ್ಬರಿನಂತೆ ಬಗ್ಗುತ್ತದೆ. ಸೋಲ್ ಹರಿದೀತು, ಅಂಟು ಬಿಡುವುದಿಲ್ಲ” ಎಂದರು. ಅವರ ಕೊನೆಯ ಮಾತು ಅಕ್ಷರಶಃ ನಿಜವಾಯಿತು.

ಅಣ್ಣ ಅವಸರದ ಮನುಷ್ಯನಲ್ಲ. ಬಿಟ್ಟ ಜಾಗದ ಹಳೆಯ ಅಂಟನ್ನು ಕೆರೆದು ತೆಗೆದ, ಮರಳು ಕಾಗದದಿಂದ ಉಜ್ಜಿದ, ಒರೆಸಿ ಒಣಗಿಸಿದ. ಎರಡೂ ಬದಿಗೆ ತೆಳುವಾಗಿ ಅಂಟು ಸವರಿ, ಒತ್ತಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿ, ಟ್ಯೂಬಿನ ಮೇಲೆ ಬರೆದಿದ್ದಕ್ಕಿಂತ ಹೆಚ್ಚೇ ಹೊತ್ತು ಬಿಟ್ಟ. ಬಿಚ್ಚಿದಾಗ ಕೈಯಿಂದ ಎಳೆದರೂ ಸೋಲ್ ಜಗ್ಗಲಿಲ್ಲ. ಬೀದಿಯಲ್ಲಿ ನಡೆದು ನೋಡಿದ, ಮೆಟ್ಟಿಲು ಹತ್ತಿಳಿದ. ಎಲ್ಲ ಸರಿಯಿತ್ತು.

ಕುಮಾರಪರ್ವತ 1712 ಮೀಟರ್ ಎತ್ತರದ ಬೆಟ್ಟ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತುವವರಿಗೆ ಮೊದಲು ದಟ್ಟ ಕಾಡು, ಭಟ್ಟರ ಮನೆ ದಾಟಿದ ಮೇಲೆ ಬಯಲು ಹುಲ್ಲುಗಾವಲು, ಕಲ್ಲು ಮಂಟಪದಾಚೆ ಶೇಷಪರ್ವತದ ಕಡಿದಾದ ಏರು. ಹತ್ತುವಾಗ ಬೂಟು ಒಂದೂ ತಕರಾರು ಮಾಡಲಿಲ್ಲ. ಇಳಿಯುವಾಗ ಶೇಷಪರ್ವತದ ಕೆಳಗೆ ಅಣ್ಣ ಎರಡು ಸಲ ನಿಂತು ಕಾಲಡಿ ನೋಡಿಕೊಂಡ. ಹಿಮ್ಮಡಿಯ ಕೆಳಗೆ ಏನೋ ಕುಸಿದಂತಾಗುತ್ತಿದೆ ಎಂದ. ಸ್ವಲ್ಪ ಮುಂದೆ ಎಡ ಬೂಟಿನ ಹಿಮ್ಮಡಿ ಕಳಚಿ ಜೋತುಬಿದ್ದಿತು. ಅಂಟು ಹಚ್ಚಿದ್ದ ಮುಂಭಾಗವಲ್ಲ, ಮುಟ್ಟದೇ ಬಿಟ್ಟಿದ್ದ ಹಿಂಭಾಗ.

ಕುಳಿತು ಬೂಟನ್ನು ತಿರುಗಿಸಿ ನೋಡಿದೆವು. ಮುಂಭಾಗದಲ್ಲಿ ಅಂಟಿನ ಪಾರದರ್ಶಕ ಪಟ್ಟಿ ರಬ್ಬರನ್ನು ಭದ್ರವಾಗಿ ಹಿಡಿದೇ ಇತ್ತು, ಅದರ ಮೇಲೆ ಹಳದಿ ಫೋಮಿನ ತೆಳುವಾದ ಸಿಪ್ಪೆಯೊಂದು ಕಚ್ಚಿಕೊಂಡಿತ್ತು. ಆ ಸಿಪ್ಪೆಯ ಮೇಲಿನ ಫೋಮ್ ಮಾತ್ರ ಬೆರಳು ಒತ್ತಿದರೆ ಒಣಗಿದ ರವೆ ಉಂಡೆಯ ಹಾಗೆ ಪುಡಿಪುಡಿಯಾಗಿ ಅಂಗೈಗೆ ಉದುರುತ್ತಿತ್ತು. ಬಲ ಬೂಟನ್ನೂ ಒತ್ತಿ ನೋಡಿದೆವು, ಅದರ ಗತಿಯೂ ಅದೇ. ಇನ್ನೂ ಬಹುಪಾಲು ದಾರಿ ಇಳಿಯುವುದು ಬಾಕಿ ಇತ್ತು.

ಹಿಂದೆ ಬರುತ್ತಿದ್ದ ತಂಡದ ಹುಡುಗನೊಬ್ಬ ಚೀಲದಿಂದ ಕ್ಷಣಾರ್ಧದಲ್ಲಿ ಅಂಟುವ ಪುಟ್ಟ ಟ್ಯೂಬು ತೆಗೆದ. ಸಹಾಯ ಮಾಡಬೇಕೆಂಬ ಮನಸ್ಸು ಅವನದು, ಅವನ ಮೇಲೆ ನನಗೆ ಒಂದಿಷ್ಟೂ ಬೇಸರವಿಲ್ಲ. “ಬೂಟು ಬಿಚ್ಚುವುದು ಬೇಡ ಅಣ್ಣಾ, ಕಾಲು ಹಾಗೇ ಇಡಿ, ಎರಡೇ ನಿಮಿಷ” ಎಂದು ಬಿರುಕಿನೊಳಗೆ ಟ್ಯೂಬನ್ನು ಹಿಂಡಿದ. ಫೋಮ್ ಉದುರಿ ಒಳಗಿನ ಹಾಳೆಯೂ ಸೀಳಿದ್ದರಿಂದ ಅಂಟು ನೇರವಾಗಿ ಹತ್ತಿಯ ಕಾಲುಚೀಲಕ್ಕೆ ಇಳಿಯಿತು. ಸಣ್ಣಗೆ ಹೊಗೆ ಎದ್ದಿತು, ಕಣ್ಣು ಉರಿಯುವ ಘಾಟು ಬಂತು. ಅಣ್ಣ ಕೂಗಿಕೊಂಡು ಬೂಟನ್ನು ಕಿತ್ತೆಸೆದ. ಕಾಲುಚೀಲ ಪಾದದ ಬದಿಗೆ ಅಂಟಿಕೊಂಡು ಗಟ್ಟಿಯಾಗಿತ್ತು. ಇದ್ದ ನೀರನ್ನೆಲ್ಲ ಸುರಿದೆವು. ಅಂಟಿದ ಭಾಗವನ್ನು ಎಳೆಯದೆ ಸುತ್ತಲಿನ ಬಟ್ಟೆಯನ್ನಷ್ಟೇ ಕತ್ತರಿಸಿದೆವು. ಚರ್ಮ ಕಿತ್ತು ಬರದೇ ಉಳಿದದ್ದು ಅದರಿಂದಲೇ ಎಂದು ಆಮೇಲೆ ವೈದ್ಯರು ಹೇಳಿದರು.

ಅಲ್ಲಿಂದ ಮುಂದೆ ಬೂಟಿನ ಮೇಲ್ಭಾಗಕ್ಕೆ ಟವಲು ಸುತ್ತಿ, ಹಗ್ಗ ಕಟ್ಟಿಕೊಂಡು ನಡೆದ. ಹಲ್ಲಿಲ್ಲದ ಆ ತಳ ಒದ್ದೆ ಬಂಡೆಯ ಮೇಲೆ ಹಿಡಿತವನ್ನೇ ಕೊಡಲಿಲ್ಲ. ಕಾಡಿನ ದಾರಿ ಹೊಕ್ಕ ಮೇಲೆ ಒಂದು ಕಡೆ ಜಾರಿ ಪಾದದ ಹರಡು ಹೊರಳಿತು. ಉಳಿದದ್ದು ಆಸ್ಪತ್ರೆ, ಪಟ್ಟಿ, ರಜೆ, ತಿಂಗಳುಗಟ್ಟಲೆ ಕುಂಟು.

ಊರಿಗೆ ಬಂದ ಮೇಲೆ ಆ ಬೂಟನ್ನು ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವವರಿಗೆ ತೋರಿಸಿದೆ. ಅವರು ಹೆಬ್ಬೆರಳಿನ ಉಗುರನ್ನು ಫೋಮಿಗೆ ಒಮ್ಮೆ ಊರಿ ನೋಡಿ ತಲೆಯಾಡಿಸಿದರು. “ಇದಕ್ಕೆ ಅಂಟೂ ಬೇಡ, ಹೊಲಿಗೆಯೂ ಬೇಡ ಅಕ್ಕಾ. ಸೂಜಿ ಚುಚ್ಚಿದಲ್ಲೇ ಉದುರುತ್ತದೆ. ಮಳೆಗಾಲ ಮುಗಿದ ಮೇಲೆ ಇಂಥವು ಬರುತ್ತಲೇ ಇರುತ್ತವೆ” ಎಂದರು. ಬೆಟ್ಟ ಹತ್ತುವ ಮೊದಲೇ ಅವರ ಮುಂದೆ ಆ ಬೂಟನ್ನು ಇಟ್ಟಿದ್ದರೆ ಒಂದು ನಿಮಿಷದಲ್ಲಿ ಉತ್ತರ ಸಿಗುತ್ತಿತ್ತು.

ಹೀಗೇಕಾಗುತ್ತದೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ಚಾರಣದ ಬೂಟುಗಳಲ್ಲಿ ಮೇಲಿನ ಚರ್ಮಕ್ಕೂ ಕೆಳಗಿನ ರಬ್ಬರಿಗೂ ನಡುವೆ ಮೆತ್ತನೆಯ ಪದರವೊಂದು ಇರುತ್ತದೆ. ಹಲವು ಬೂಟುಗಳಲ್ಲಿ, ಕಚೇರಿಗೆ ಹಾಕುವ ಕೆಲವು ಶೂಗಳಲ್ಲಿಯೂ, ಅದು ಪಾಲಿಯುರೆಥೇನ್ ಫೋಮ್. ಹಗುರ, ಬಾಳಿಕೆಯದು, ಕಾಲಿಗೆ ಹಿತ. ಆದರೆ ಗಾಳಿಯಲ್ಲಿನ ತೇವ ಅದರೊಳಗೆ ಹೊಕ್ಕು ಅದರ ರಾಸಾಯನಿಕ ಬಂಧಗಳನ್ನು ಒಂದೊಂದಾಗಿ ಕಡಿಯುತ್ತ ಹೋಗುತ್ತದೆ. ಸೆಕೆಯೂ ಸೇರಿದರೆ ಈ ಕ್ರಿಯೆ ಇನ್ನಷ್ಟು ಬೇಗ. ನಮ್ಮ ಕರಾವಳಿಯ ಮನೆಗಳಲ್ಲಿ ಎರಡಕ್ಕೂ ಬರವಿಲ್ಲ. ಆಗಾಗ ಹಾಕಿಕೊಳ್ಳುವ ಬೂಟಿಗಿಂತ ಸುಮ್ಮನೆ ಎತ್ತಿಟ್ಟ ಬೂಟೇ ಮೊದಲು ಹಾಳಾಗುವುದುಂಟು. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ತೇವ ಸಿಕ್ಕಿಕೊಂಡರೆ ಮತ್ತೂ ಕೆಟ್ಟದ್ದು. ಹೊರಗಿನ ಚರ್ಮ, ರಬ್ಬರು ಚೆನ್ನಾಗಿಯೇ ಇರುವುದರಿಂದ ಕಣ್ಣಿಗೆ ಏನೂ ಕಾಣುವುದಿಲ್ಲ. ಒಂದು ಮೂಲೆ ಬಾಯಿ ಬಿಟ್ಟಿತೆಂದರೆ ಅದು ಮೊದಲ ಸೂಚನೆ. ಅಲ್ಲಿ ಅಂಟು ಹಚ್ಚಿದರೆ ಆ ಸೂಚನೆಯನ್ನು ನಾವೇ ಮುಚ್ಚಿದಂತೆ.

ಆದ್ದರಿಂದ ಅಂಟು ತರುವ ಮೊದಲು ಬೂಟಿನ ವಯಸ್ಸು ನೋಡಿ. ತಯಾರಾದ ತಿಂಗಳು ಮತ್ತು ವರ್ಷ ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ. ಕೆಲವು ಬೂಟುಗಳಲ್ಲಿ ನಾಲಗೆಯ ಒಳಬದಿಯ ಚೀಟಿಯಲ್ಲಿಯೂ ಸಿಗುತ್ತದೆ. ಐದಾರು ವರ್ಷ ದಾಟಿದ ಪಾಲಿಯುರೆಥೇನ್ ಪದರವನ್ನು ನಂಬಿ ದೂರದ ದಾರಿಗೆ ಹೊರಡಬೇಡಿ. ನಡುವಿನ ಪದರಕ್ಕೆ ಉಗುರು ಊರಿ ನೋಡಿ. ಒತ್ತಿದ ಗುರುತು ಮೆಲ್ಲಗೆ ಮೇಲೆದ್ದರೆ ಜೀವವಿದೆ. ಪುಡಿ ಉದುರಿದರೆ, ಜಿಗುಟಾಗಿದ್ದರೆ, ಬೂಟನ್ನು ಎರಡೂ ಕಡೆಗೆ ಬಗ್ಗಿಸಿದಾಗ ಕೂದಲೆಳೆಯಂಥ ಬಿರುಕುಗಳು ಕಂಡರೆ ಅಂಟಿನ ಆಸೆ ಬಿಡಿ. ಓಟದ ಶೂಗಳಲ್ಲಿ ಹೆಚ್ಚಾಗಿ ಬಳಸುವ ಇವಿಎ ಫೋಮ್ ಹೀಗೆ ಪುಡಿಯಾಗುವುದಿಲ್ಲ. ಅದು ಚಪ್ಪಟೆಯಾಗಿ ಗಟ್ಟಿಯಾಗುತ್ತದೆ, ಅಷ್ಟೇ.

ಕ್ಷಣಾರ್ಧದಲ್ಲಿ ಅಂಟುವ ಟ್ಯೂಬಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅದು ಪ್ರತಿ ಮನೆಯ ಮೇಜಿನ ಡ್ರಾಯರಿನಲ್ಲಿದೆ. ಅದರಲ್ಲಿರುವುದು ಸೈನೊಅಕ್ರಿಲೇಟ್. ತೇವ ತಾಕಿದೊಡನೆ ಗಟ್ಟಿಯಾಗುವುದು ಅದರ ಗುಣ, ಗಟ್ಟಿಯಾಗುವಾಗ ಶಾಖ ಹೊರಬರುತ್ತದೆ. ಹತ್ತಿಯ ಎಳೆಗಳ ಮೇಲೆ ಬಿದ್ದರೆ ಅದು ಒಮ್ಮೆಲೇ ಹರಡಿ, ಒಮ್ಮೆಲೇ ಗಟ್ಟಿಯಾಗಿ, ಚರ್ಮ ಸುಡುವಷ್ಟು ಬಿಸಿಯಾಗುತ್ತದೆ. ಚೆಲ್ಲಿದ ಅಂಟನ್ನು ಹತ್ತಿಯಿಂದಲೋ ಹಳೆಯ ಬನಿಯನ್ ಚೂರಿನಿಂದಲೋ ಒರೆಸುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ದಯವಿಟ್ಟು ಬಿಡಿ. ಬಟ್ಟೆಯ ಮೇಲೆ ಬಿದ್ದು ಮೈ ಸುಟ್ಟರೆ ತಣ್ಣೀರು ಸುರಿಯುತ್ತಲೇ ಇರಿ, ಅಂಟಿದ ಬಟ್ಟೆಯನ್ನು ಕೀಳಬೇಡಿ, ಆಸ್ಪತ್ರೆಗೆ ಹೋಗಿ. ಬೆರಳುಗಳು ಒಂದಕ್ಕೊಂದು ಅಂಟಿದ್ದರೆ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ ಮೆಲ್ಲಗೆ ಬಿಡಿಸಬಹುದು. ಕಣ್ಣಿಗೆ ಸಿಡಿದರೆ ನೀರಿನಿಂದ ತೊಳೆದು, ರೆಪ್ಪೆಗಳನ್ನು ಬಲವಂತವಾಗಿ ತೆರೆಯದೆ, ಕೂಡಲೇ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಬೂಟಿಗಂತೂ ಈ ಅಂಟು ಪ್ರಯೋಜನವೇ ಇಲ್ಲ. ಒಣಗಿದರೆ ಗಾಜಿನಂತೆ ಪೆಡಸಾಗುವ ಇದು ಹೆಜ್ಜೆ ಹೆಜ್ಜೆಗೂ ಬಗ್ಗುವ ಸೋಲಿನಲ್ಲಿ ಹೇಗೆ ತಾನೇ ನಿಂತೀತು?

ಬಗ್ಗುವ ಅಂಟಿಗೆ ಬೇರೆಯದೇ ಅಪಾಯವಿದೆ. ಚಪ್ಪಲಿ ಹೊಲಿಯುವವರು ಸಲ್ಯೂಷನ್ ಎಂದು ಕರೆಯುವ ರಬ್ಬರಿನ ಅಂಟಾಗಲಿ, ಶೂಗೆಂದು ಮಾರುವ ಹಲವು ಟ್ಯೂಬುಗಳಾಗಲಿ ಟಾಲ್ವೀನ್‌ನಂಥ ದ್ರಾವಕಗಳಲ್ಲಿ ಕರಗಿಸಿದವು. ಅಣ್ಣ ಅಂಟು ಹಚ್ಚಿದ ದಿನ ಹೊರಗೆ ಮಳೆ ಎಂದು ಕಿಟಕಿಗಳೆಲ್ಲ ಮುಚ್ಚಿದ್ದವು. ಪಕ್ಕದ ಕೋಣೆಯಲ್ಲಿ ಮಲಗಿದ್ದ ಅಮ್ಮನಿಗೆ ರಾತ್ರಿಯಿಡೀ ತಲೆಸುತ್ತು, ವಾಕರಿಕೆ. ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಳ್ಳುತ್ತದೆ, ಕಿಡಿ ತಾಕಿದರೆ ಹೊತ್ತಿಕೊಳ್ಳುತ್ತದೆ. ದೇವರ ದೀಪ, ಗ್ಯಾಸ್ ಒಲೆ, ಊದುಬತ್ತಿ, ಸೊಳ್ಳೆಬತ್ತಿ ಯಾವುದೂ ಹತ್ತಿರ ಇರಬಾರದು. ಮಕ್ಕಳನ್ನು ನೆಲದ ಮೇಲೆ ಆಡಲು ಬಿಡಬಾರದು. 1960ರ ದಶಕದಲ್ಲಿ ಜಪಾನಿನಲ್ಲಿ ಸ್ಯಾಂಡಲ್ ಅಂಟಿಸುತ್ತಿದ್ದ ಕೆಲಸಗಾರರ ಕೈಕಾಲುಗಳು ಮರಗಟ್ಟಿ ಬಲ ಕಳೆದುಕೊಂಡವು. ಅಂಟಿನಲ್ಲಿದ್ದ ಹೆಕ್ಸೇನ್ ಎಂಬ ದ್ರಾವಕ ಅವರ ನರಗಳನ್ನು ತಿಂದಿತ್ತು. ಒಂದು ಜೊತೆ ಶೂ ಅಂಟಿಸಿದರೆ ಹಾಗಾಗುವುದಿಲ್ಲ, ನಿಜ. ಆದರೆ ದಿನವಿಡೀ ಆ ಡಬ್ಬಿಯ ಪಕ್ಕದಲ್ಲೇ ಕುಳಿತು ನಮ್ಮ ಚಪ್ಪಲಿ ಸರಿಮಾಡಿಕೊಡುವವರ ಬಗ್ಗೆ ಯೋಚಿಸಿದರೆ ನನಗೆ ಸಂಕಟವಾಗುತ್ತದೆ. ಅವರು ಕೇಳುವ ಕೂಲಿಯಲ್ಲಿ ಚೌಕಾಸಿ ಮಾಡುವುದನ್ನು ನಾನು ನಿಲ್ಲಿಸಿದ್ದೇನೆ.

ಹಾಗಾದರೆ ಮನೆಯಲ್ಲಿ ಏನನ್ನೂ ಅಂಟಿಸಲೇಬಾರದೇ? ಅಂಟಿಸಬಹುದು. ಕ್ಯಾನ್ವಾಸ್ ಶೂವಿನ ರಬ್ಬರ್ ಅಂಚು ಬಿಟ್ಟಿದ್ದರೆ, ಒಳಹಾಸು ಎದ್ದಿದ್ದರೆ, ಸೋಲ್ ಗಟ್ಟಿಯಾಗಿದ್ದು ತುದಿ ಮಾತ್ರ ಬಾಯಿ ಬಿಟ್ಟಿದ್ದರೆ ಸಲ್ಯೂಷನ್ ಒಳ್ಳೆಯ ಕೆಲಸ ಮಾಡುತ್ತದೆ. ಎರಡೂ ಬದಿಗೆ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗುವವರೆಗೆ ಕಾದು, ಆಮೇಲೆ ಬಲವಾಗಿ ಒತ್ತಬೇಕು. ಹಸಿಯಾಗಿದ್ದಾಗಲೇ ಜೋಡಿಸಿದರೆ ಹಿಡಿಯುವುದಿಲ್ಲ. ಪಿವಿಸಿ ಸೋಲಿನಲ್ಲಿ ಮಾತ್ರ ಇದು ಹೆಚ್ಚು ದಿನ ನಿಲ್ಲದು. ಆ ಪ್ಲಾಸ್ಟಿಕ್ಕನ್ನು ಮೆತ್ತಗಿಡಲು ಬೆರೆಸಿದ ಎಣ್ಣೆಯಂಥ ಪದಾರ್ಥ ನಿಧಾನವಾಗಿ ಹೊರಜಿನುಗಿ ಅಂಟನ್ನು ಮೆದುವಾಗಿಸುತ್ತದೆ. ಅಂಥದ್ದಕ್ಕೆ ಸುತ್ತಲೂ ಹೊಲಿಗೆ ಹಾಕಿಸುವುದೇ ಸರಿ. ಬಚ್ಚಲುಮನೆಯ ಸಂದಿಗೆ ಹಚ್ಚುವ ಸಿಲಿಕೋನನ್ನು ಬಗ್ಗುತ್ತದೆ ಎಂಬ ಒಂದೇ ಕಾರಣಕ್ಕೆ ಶೂಗೆ ಹಚ್ಚಬೇಡಿ. ಅದು ಸುಲಿದು ಬರುತ್ತದೆ, ಅದರ ಕಲೆ ಉಳಿದ ಜಾಗದಲ್ಲಿ ಮುಂದೆ ಬೇರೆ ಅಂಟೂ ಕೂರುವುದಿಲ್ಲ. ಸವೆದ ಹಿಮ್ಮಡಿಯನ್ನು ಅಂಟು ಬಳಿದು ಎತ್ತರಿಸುವುದೂ ಬೇಡ, ಮುಖ್ಯವಾಗಿ ಹಿರಿಯರ ಚಪ್ಪಲಿಯಲ್ಲಿ. ಒಣಗಿದ ಅಂಟಿನ ನುಣುಪು ಮೈ ಒದ್ದೆಯಾದ ಟೈಲ್ಸ್ ಮೇಲೆ, ರೆಡ್ ಆಕ್ಸೈಡ್ ನೆಲದ ಮೇಲೆ ಜಾರುತ್ತದೆ.

ಬೆಟ್ಟಕ್ಕೆ ಹೋಗುವವರು ಚೀಲದಲ್ಲಿ ಅಂಟಿನ ಬದಲು ಅಗಲವಾದ ಬಟ್ಟೆಯ ಟೇಪು, ಗಟ್ಟಿ ಹಗ್ಗ, ಹಿಂದೆ ಪಟ್ಟಿಯಿರುವ ಹಗುರವಾದ ಸ್ಯಾಂಡಲ್ ಒಂದು ಜೊತೆ ಇಟ್ಟುಕೊಳ್ಳಿ. ಸೋಲ್ ಕಳಚಿದರೆ ಕುಳಿತು, ಬೂಟು ಬಿಚ್ಚಿ, ಸ್ಯಾಂಡಲ್ ಹಾಕಿಕೊಂಡು ಇಳಿಯಿರಿ. ಮನೆಯಲ್ಲಿ ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಗಾಳಿಯಾಡುವ ಕಡೆ ಇಟ್ಟು ಆಗಾಗ ಹಾಕಿಕೊಂಡು ನಡೆಯಿರಿ.

ಇನ್ನೊಂದು ಮಾತು. ಬಹಳ ದಿನ ಹಾಕದ ಬೂಟನ್ನು ಮನೆಗೆಲಸಕ್ಕೆ ಬರುವವರ ಮಗನಿಗೋ ತೋಟದ ಕೆಲಸದವರಿಗೋ ಕೊಡುತ್ತೇವಲ್ಲ, ಕೊಡುವ ಮೊದಲು ಅದೇ ಪರೀಕ್ಷೆ ಮಾಡಿ. ಉಗುರು ಊರಿದಾಗ ಪುಡಿ ಉದುರಿದರೆ ಯಾರಿಗೂ ಕೊಡಬೇಡಿ, ಲೇಸು ಬಿಚ್ಚಿಟ್ಟುಕೊಂಡು ಕಸದ ಗಾಡಿಗೆ ಹಾಕಿ.