ಸ್ವಿಫ್ಟ್‌ಗೆ ಕಾಯಿಲೋವರ್ ಹಾಕಿಸಿ ಎರಡು ಮಳೆಗಾಲ ಕಳೆದ ಮೇಲೆ

ಮೊದಲು ಆ ಶಬ್ದದ ವಿಷಯ ಹೇಳಿಬಿಡುತ್ತೇನೆ. ಮನೆ ಮುಂದೆ ಗಾಡಿ ತಿರುಗಿಸುವಾಗ ಸ್ಟೇರಿಂಗ್ ಪೂರ್ತಿ ಬಲಕ್ಕೆ ಎಳೆದರೆ ಮುಂದಿನ ಬಲ ಚಕ್ರದ ಮೇಲಿಂದ 'ಟಂಗ್' ಅಂತ ಬರುತ್ತಿತ್ತು. ಖಾಲಿ ಕೊಡಕ್ಕೆ ಬೆರಳಲ್ಲಿ ಹೊಡೆದ ಹಾಗೆ. ಜೋರಾಗಿ ಹೋಗುವಾಗ ಇಲ್ಲ, ಘಾಟಿಯಲ್ಲಿ ಇಲ್ಲ, ನಿಧಾನಕ್ಕೆ ತಿರುಗಿಸುವಾಗ ಮಾತ್ರ. 78,000 ರೂಪಾಯಿ ಕೊಟ್ಟು ಕಾಯಿಲೋವರ್, ಅಂದರೆ ಗಾಡಿಯ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೆಟ್, ಹಾಕಿಸಿ ಹದಿನೈದು ದಿನವೂ ಆಗಿರಲಿಲ್ಲ. ಆ ಶಬ್ದ ಹೋಗಲು ನಾಲ್ಕು ತಿಂಗಳು ಬೇಕಾಯಿತು.

ನನ್ನದು 2013ರ ಸ್ವಿಫ್ಟ್ ಡೀಸೆಲ್. ಕೆಲಸ ಚಿಕ್ಕಮಗಳೂರು ಟೌನಿನಲ್ಲಿ, ಮನೆ ವಸ್ತಾರೆ ದಾಟಿ ಆಲ್ದೂರಿನ ಕಡೆ. ಹಳೇ ಶಾಕ್ ಅಬ್ಸಾರ್ಬರ್‌ಗಳು ಎಣ್ಣೆ ಸೋರಲು ಶುರು ಮಾಡಿದ್ದವು, ಹೇಗೂ ಬದಲಿಸಲೇಬೇಕಿತ್ತು. ಗಾಡಿಯನ್ನು ನೆಲಕ್ಕೆ ತಾಗುವಷ್ಟು ಇಳಿಸುವ ಆಸೆ ನನಗಿರಲಿಲ್ಲ. ನನಗೆ ಬೇಕಿದ್ದದ್ದು ಎತ್ತರವನ್ನು ನಾನೇ ಏರಿಸಿ ಇಳಿಸುವ ಅನುಕೂಲ. ಮಳೆಗಾಲದಲ್ಲಿ ನಮ್ಮ ತೋಟದ ದಾರಿಯಲ್ಲಿ ಎಂಥ ಕೊರಕಲು ಬೀಳುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಅದೇ ಗಾಡಿಯಲ್ಲಿ ಬೇಸಿಗೆಯಲ್ಲಿ ಹಾಸನದ ತನಕ ಒಳ್ಳೇ ರೋಡಲ್ಲಿ ಓಡಾಟ. ಅದಕ್ಕೇ ಸ್ಪ್ರಿಂಗ್ ಕೂರುವ ರಿಂಗ್ ಅಷ್ಟೇ ಅಲ್ಲ, ಕೆಳಗಿನ ಬ್ರಾಕೆಟ್ ಕೂಡ ಥ್ರೆಡ್‌ನಲ್ಲಿ ತಿರುಗುವಂಥದ್ದನ್ನೇ ಹುಡುಕಿ ತೆಗೆದುಕೊಂಡೆ. ಹಾಗಿದ್ದರೆ ಸ್ಪ್ರಿಂಗನ್ನು ಒತ್ತಿ ಬಿಗಿ ಮಾಡದೆಯೇ ಎತ್ತರ ಬದಲಿಸಬಹುದು.

ಹಾಕಿಸಿದ್ದು ಹಾಸನದ ಒಂದು ಗ್ಯಾರೇಜಿನಲ್ಲಿ. ಮುಂದಿನ ಸ್ಪ್ರಿಂಗ್ ಮತ್ತು ಶಾಕ್‌ನ ಮೇಲ್ತುದಿಯನ್ನು ಗಾಡಿಯ ಬಾಡಿಗೆ ಹಿಡಿಸುವ ರಬ್ಬರಿನ ಸ್ಟ್ರಟ್ ಮೌಂಟ್, ಅದರ ಬೇರಿಂಗ್ ಎರಡೂ ಹೊಸದು ತರಲಾ ಅಂತ ಕೇಳಿದೆ. ನನ್ನ ಕಿಟ್‌ನಲ್ಲಿ ಅವು ಇರಲಿಲ್ಲ, ಕಂಪನಿಯ ಮೌಂಟನ್ನೇ ಬಳಸಬೇಕು. 'ಹಳೇದೇ ಚೆನ್ನಾಗಿದೆ ಸರ್, ಸುಮ್ನೆ ಯಾಕೆ ಖರ್ಚು' ಅಂದರು. ನಂಬಿದೆ. ಆಮೇಲೆ ಶಬ್ದ ಬಂತು ಅಂತ 60 ಕಿ.ಮೀ. ಓಡಿಸಿಕೊಂಡು ಹೋದರೆ 'ಕಾಯಿಲೋವರ್ ಅಂದ್ರೆ ಸೌಂಡ್ ಬಂದೇ ಬರುತ್ತೆ' ಅಂದುಬಿಟ್ಟರು. ನನಗೆ ಇವತ್ತಿಗೂ ಸಿಟ್ಟು ಬರುವುದು ಈ ಮಾತಿಗೆ. ಇದು ಸುಳ್ಳು. ಸರಿಯಾಗಿ ಹಾಕಿದ ಕಾಯಿಲೋವರ್ ಗಟ್ಟಿ ಇರಬಹುದು, ಹೀಗೆ ಟಂಗ್ ಅನ್ನುವುದಿಲ್ಲ. ಎರಡನೇ ಸಲ ಹೋದಾಗ ಎಲ್ಲ ಬೋಲ್ಟ್ ಇನ್ನೊಮ್ಮೆ ಬಿಗಿ ಮಾಡಿ ಕಳಿಸಿದರು. ಮೂರನೇ ಸಲ ನಾನು ಹೋಗಲಿಲ್ಲ.

ಕೊನೆಗೆ ಚಿಕ್ಕಮಗಳೂರಿನಲ್ಲಿ ನನ್ನ ಬೈಕ್ ನೋಡುವ ಭಾಯ್ ಹತ್ತಿರ ಹೋದೆ. ಅವರು ಜ್ಯಾಕ್ ಕೂಡ ಹಾಕಲಿಲ್ಲ. ಚಕ್ರದ ಸಂದಿಯಲ್ಲಿ ಕೈ ಹಾಕಿ ಸ್ಪ್ರಿಂಗ್ ಹಿಡಿದುಕೊಂಡು, 'ಅಣ್ಣ, ಸ್ಟೇರಿಂಗ್ ನಿಧಾನಕ್ಕೆ ತಿರುಗ್ಸಿ' ಅಂದರು. ತಿರುಗಿಸಿದೆ. ಟಂಗ್. 'ಸ್ಪ್ರಿಂಗ್ ಕೈಯಲ್ಲೇ ಹಾರ್ತಿದೆ ನೋಡಿ, ಬೇರಿಂಗ್ ಹಿಡ್ಕೊಂಡಿದೆ' ಅಂದರು. ಸ್ಟೇರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಕೂಡ ಸಲೀಸಾಗಿ ತಿರುಗಬೇಕು. ಮೇಲಿನ ಬೇರಿಂಗ್ ಹಿಡಿದುಕೊಂಡರೆ ಸ್ಪ್ರಿಂಗ್ ಹಗ್ಗದ ಹಾಗೆ ಹುರಿಗೊಂಡು, ಒಂದು ಹಂತದಲ್ಲಿ ಒಮ್ಮೆಲೇ ಬಿಟ್ಟುಕೊಳ್ಳುತ್ತದೆ. ಮೆತ್ತಗಿನ ಹಳೇ ಸ್ಪ್ರಿಂಗಲ್ಲಿ ಕೇಳಿಸದೆ ಇದ್ದದ್ದು ಈ ಗಟ್ಟಿ ಸ್ಪ್ರಿಂಗಲ್ಲಿ ಜೋರಾಗಿ ಕೇಳಿಸಿತು. ಬಿಚ್ಚಿದಾಗ ಮೌಂಟಿನ ರಬ್ಬರ್ ಕೂಡ ಸೀಳಿತ್ತು. ಎರಡು ಮೌಂಟ್, ಎರಡು ಬೇರಿಂಗ್, ಗಾಡಿ ವಾಲುವುದನ್ನು ತಡೆಯುವ ಬಾರ್‌ಗೆ ಜೋಡಿಸುವ, ಉದ್ದ ಹೊಂದಿಸಬಹುದಾದ ಎರಡು ಲಿಂಕ್ ರಾಡ್, ಕೂಲಿ ಎಲ್ಲ ಸೇರಿ 9,400 ರೂಪಾಯಿ. ಮೇಲಿನ ನಟ್ ಬಿಗಿಸುವಾಗ ಭಾಯ್ ನಟ್ ಬಿಗಿಸುವ ಗಾಳಿ ಗನ್ ಹಿಡಿಯಲಿಲ್ಲ, ಶಾಕ್‌ನ ರಾಡ್ ತಿರುಗದ ಹಾಗೆ ಅಲೆನ್ ಕೀಯಲ್ಲಿ ಹಿಡಿದು ಸ್ಪ್ಯಾನರಲ್ಲೇ ಬಿಗಿಸಿದರು. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್‌ನ ಬೋಲ್ಟನ್ನು ಗಾಡಿ ನೆಲಕ್ಕಿಳಿಸಿದ ಮೇಲೆಯೇ ಪೂರ್ತಿ ಬಿಗಿ ಮಾಡಿದರು. ಗಾಡಿ ನೇತಾಡುತ್ತಿರುವಾಗ ಬಿಗಿ ಮಾಡಿದರೆ ಅದರ ರಬ್ಬರ್ ಬುಷ್ ತಿರುಚಿಕೊಂಡೇ ಉಳಿಯುತ್ತದೆ, ಬೇಗ ಹರಿಯುತ್ತದೆ. ನೀವು ಎಲ್ಲೇ ಹಾಕಿಸಿ, ಈ ಎರಡನ್ನೂ ಪಕ್ಕದಲ್ಲಿ ನಿಂತು ನೋಡಿ.

ಅದಾದ ಮೇಲೆ ನನಗೆ ಈ ಗಾಡಿ ಮೇಲೆ ಪ್ರೀತಿ ಬಂದದ್ದು ಅಮ್ಮನಿಂದ. ಧರ್ಮಸ್ಥಳಕ್ಕೆ ಹೊರಟರೆ ಕೊಟ್ಟಿಗೆಹಾರ ದಾಟುತ್ತಿದ್ದಂತೆ ಅಮ್ಮ ಬ್ಯಾಗಿನಿಂದ ನಿಂಬೆಹಣ್ಣು, ಪ್ಲಾಸ್ಟಿಕ್ ಕವರ್ ತೆಗೆದು ತೊಡೆ ಮೇಲೆ ಇಟ್ಟುಕೊಳ್ಳುತ್ತಿದ್ದರು. ಚಾರ್ಮಾಡಿ ಇಳಿಯುವುದರೊಳಗೆ ಒಂದು ಸಲವಾದರೂ ನಿಲ್ಲಿಸಲೇಬೇಕಿತ್ತು. ಈ ಸಲ ಮುಂದೆ ಹಿಂದೆ ಎರಡೂ ಕಡೆ ಡ್ಯಾಂಪಿಂಗ್, ಅಂದರೆ ಶಾಕ್‌ನ ಬಿಗಿತ, ಮೆತ್ತಗೆ ಇಟ್ಟು ಹೋದೆ. ತಿರುವಿನಲ್ಲಿ ಗಾಡಿ ಮೊದಲಿನ ಹಾಗೆ ಹೊರಗಡೆಗೆ ವಾಲಿ ಮತ್ತೆ ಈ ಕಡೆ ತೂಗಲಿಲ್ಲ. ಉಜಿರೆ ಬಂದಾಗ ಅಮ್ಮ ಎದ್ದು ಕೂತು 'ಘಾಟಿ ಆಯ್ತಾ?' ಅಂದರು. ನಿದ್ದೆ ಮಾಡಿದ್ದರು! ನನಗಂತೂ ಕೈಮರದ ಮೇಲಿನ ತಿರುವುಗಳಲ್ಲಿ ಸಿಕ್ಕ ಖುಷಿಗಿಂತ ಇದೇ ಜಾಸ್ತಿ. ಆದರೆ ಟೌನಿನ ಹಂಪ್‌ಗಳಲ್ಲಿ ಹಿಂದೆ ಕೂತವರಿಗೆ ಈಗಲೂ ಕುಕ್ಕುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಕಾನೂನಿನ ವಿಷಯ ತಿಳಿದಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಈ ಅಳುಕು ನನಗೆ ಇದ್ದೇ ಇದೆ. ಹಳೇ ಸ್ಪ್ರಿಂಗ್, ಶಾಕ್ ಎಲ್ಲ ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟಿದ್ದೇನೆ.

ವರ್ಷಕ್ಕೆ ಎರಡು ಭಾನುವಾರ ಇದಕ್ಕೇ ಮೀಸಲು. ಮೇ ಕೊನೆಯಲ್ಲಿ ಗಾಡಿಯನ್ನು ಕಂಪನಿಯ ಎತ್ತರಕ್ಕೆ ಏರಿಸುತ್ತೇನೆ, ದೀಪಾವಳಿ ಕಳೆದ ಮೇಲೆ 15 ಎಂಎಂ ಇಳಿಸುತ್ತೇನೆ. ಬೆಳಿಗ್ಗೆ ಕಾಫಿ ಕುಡಿದು, ಅಂಗಳದಲ್ಲಿ ಗಾಡಿ ಎತ್ತಿ ಸ್ಟ್ಯಾಂಡ್ ಕೊಟ್ಟು, ಥ್ರೆಡ್ ಒಳಗಿನ ಕೆಂಪು ಮಣ್ಣನ್ನೆಲ್ಲ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ತೆಗೆಯುತ್ತೇನೆ. ಒಣಗಿದ ಮೇಲೆ ಥ್ರೆಡ್ ಕಚ್ಚಿಕೊಳ್ಳದ ಹಾಗೆ ತೆಳ್ಳಗೆ ಆ್ಯಂಟಿ ಸೀಜ್ ಪೇಸ್ಟ್ ಹಚ್ಚಿ ರಿಂಗ್ ತಿರುಗಿಸಬೇಕು. ಬರಿಗೈಯಲ್ಲಿ ತಿರುಗುವಷ್ಟು ಸಲೀಸಾದಾಗ ಏನೋ ಸಮಾಧಾನ. ಮಾರನೇ ದಿನ ಅಲೈನ್‌ಮೆಂಟ್ ಮಾಡಿಸಲೇಬೇಕು, ಎತ್ತರ ಬದಲಾದರೆ ಚಕ್ರದ ಕೋನವೂ ಬದಲಾಗುತ್ತದೆ. ಮೊದಲ ಸಲ ಉದಾಸೀನ ಮಾಡಿ ಮುಂದಿನ ಟೈರ್‌ಗಳ ಒಳ ಅಂಚು ಸವೆದುಹೋಯಿತು.

ಹಿಂದೆ ಮಾತ್ರ ಈ ಕೆಲಸ ಕಷ್ಟ. ಸ್ವಿಫ್ಟ್‌ನಲ್ಲಿ ಹಿಂದಿನ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಎತ್ತರದ ರಿಂಗ್ ಸ್ಪ್ರಿಂಗ್ ಸೀಟಿನ ಹತ್ತಿರ ಇರುತ್ತದೆ, ಚಕ್ರ ಎರಚುವ ಕೆಸರೆಲ್ಲ ಅಲ್ಲೇ ಕೂರುತ್ತದೆ. ಹೋದ ಮಳೆಗಾಲದಲ್ಲಿ ಎಡಗಡೆಯದು ಕಚ್ಚಿಕೊಂಡಿದ್ದು ಇನ್ನೂ ಅಲುಗಾಡಿಲ್ಲ. ಮೂರು ದಿನದಿಂದ ಸಂಜೆ ಸಂಜೆ ಡಬ್ಲ್ಯೂಡಿ-40 ಹೊಡೆಯುತ್ತಿದ್ದೇನೆ, ಬರೋ ಭಾನುವಾರ ಭಾಯ್ ಉದ್ದ ಹಿಡಿಯ ಸ್ಪ್ಯಾನರ್ ತರುತ್ತೇನೆ ಅಂದಿದ್ದಾರೆ.