ಸಿದ್ದೇಗೌಡ ಊಟಕ್ಕೆ ಯಾಕೆ ಹೋಗುತ್ತಿಲ್ಲ? ಗೋಡೋ 4 ಬಳಸಿ ನೋಡಿದ್ದು

ಜನ ಏಳುವುದು, ಉಣ್ಣುವುದು, ದುಡಿಯುವುದು, ಮಲಗುವುದು. ಇಂಥ ಆಟ ಕಟ್ಟುವವರಿಗೆ ಗ್ರಾಫಿಕ್ಸ್ ಆಮೇಲಿನ ಮಾತು. ಆಟ ಓಡುತ್ತಿರುವಾಗಲೇ ಒಬ್ಬನ ತಲೆಯೊಳಗೆ ಇಣುಕಿ ನೋಡೋಕೆ ಆಗಬೇಕು. ಆ ಲೆಕ್ಕದಲ್ಲಿ, ಆಟ ಕಟ್ಟುವ ಸಾಫ್ಟ್‌ವೇರ್ ಆದ ಗೋಡೋ 4 ನನಗೆ ಹಿಡಿಸಿದೆ.

ಮಂಡ್ಯದಲ್ಲಿ ನನ್ನದು ಜೆರಾಕ್ಸ್, ಡಿಟಿಪಿ ಅಂಗಡಿ. ಮಧ್ಯಾಹ್ನ ಗಿರಾಕಿ ಕಡಿಮೆ. ಆಗ ಅಂಗಡಿಯ ಹಳೇ ಲ್ಯಾಪ್‌ಟಾಪ್‌ನಲ್ಲೇ ನಾಲೆ ಬದಿಯ ಒಂದು ಹಳ್ಳಿಯ ಆಟ ಮಾಡುತ್ತಿದ್ದೇನೆ. ಕಬ್ಬಿನ ಗದ್ದೆ, ಆಲೆಮನೆ, ಅರಳಿಕಟ್ಟೆ, ಎಲ್ಲಾ ಇದೆ. ಗೋಡೋಗೆ ದುಡ್ಡು ಕೊಡಬೇಕಿಲ್ಲ. ಎಂಐಟಿ ಲೈಸೆನ್ಸ್, ಆಟ ಮಾರಿದರೂ ಪಾಲು ಕೇಳುವುದಿಲ್ಲ. 2023ರಲ್ಲಿ ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಆದ ಯೂನಿಟಿಯವರು ಇನ್‌ಸ್ಟಾಲ್ ಲೆಕ್ಕದಲ್ಲಿ ಶುಲ್ಕ ಅಂದು, ಮುಂದಿನ ವರ್ಷ ಅದನ್ನು ಕೈಬಿಟ್ಟರಲ್ಲ, ಆ ಗಲಾಟೆಯಲ್ಲಿ ತುಂಬಾ ಜನ ಈ ಕಡೆ ಬಂದರು. ನಾನು ಬಂದಿದ್ದು ಡೌನ್‌ಲೋಡ್ ಚಿಕ್ಕದು ಅಂತ, ಅಷ್ಟೇ.

ನನ್ನ ಆಟದ ಸಿದ್ದೇಗೌಡ ಮಧ್ಯಾಹ್ನವಾದರೆ ಸಾಕು, ಆಲೆಮನೆ ಬಾಗಿಲಲ್ಲಿ ಆ ಕಡೆ ಈ ಕಡೆ ಮುಖ ತಿರುಗಿಸುತ್ತಾ ನಿಂತುಬಿಡುತ್ತಿದ್ದ. ಆಟ ಓಡುತ್ತಿರುವಾಗ ಸೀನ್ ಪಟ್ಟಿಯ ಮೇಲೆ ‘ರಿಮೋಟ್’ ಅಂತ ಒಂದು ಟ್ಯಾಬ್ ಬರುತ್ತದೆ. ಅಲ್ಲಿ ಅವನ ಹೆಸರು ಒತ್ತಿದರೆ ಆ ಕ್ಷಣದ ಲೆಕ್ಕವೆಲ್ಲ ಇನ್‌ಸ್ಪೆಕ್ಟರ್‌ನಲ್ಲಿ ಕಾಣುತ್ತದೆ. ಹಸಿವು 61, ಕೆಲಸದ ಒತ್ತಡ 61. ಹಸಿವು ಕೂದಲೆಳೆಯಷ್ಟು ಮುಂದೆ ಹೋದರೆ ಊಟ, ಒತ್ತಡ ಹೋದರೆ ಕೆಲಸ. ಪಾಪ, ಅವನು ತಾನೇ ಏನು ಮಾಡ್ತಾನೆ? ಅಲ್ಲೇ ಹಸಿವನ್ನು 80 ಮಾಡಿದೆ. ಆಟ ನಿಲ್ಲಿಸಲೇ ಇಲ್ಲ, ಆಸಾಮಿ ಸೀದಾ ಮನೆ ಕಡೆ ಹೊರಟ. ಹೀಗೆ ಬದಲಿಸಿದ್ದು ಪ್ರಾಜೆಕ್ಟ್‌ನಲ್ಲಿ ಸೇವ್ ಆಗುವುದಿಲ್ಲ, ಧೈರ್ಯವಾಗಿ ಆಡಿ ನೋಡಬಹುದು. ಹಿಡಿದ ಕೆಲಸ ಬಿಡಬೇಕಾದರೆ ಇನ್ನೊಂದರ ಅಂಕ 10 ಜಾಸ್ತಿ ಇರಬೇಕು ಅಂತ ಆಮೇಲೆ ಕೋಡ್‌ನಲ್ಲಿ ಸೇರಿಸಿದೆ. ಸರಿಹೋಯಿತು.

ಆದರೆ ರಿಮೋಟ್ ತೋರಿಸುವುದು ಈಗಿನದ್ದು ಮಾತ್ರ. ಅದೇ ಊರಿನ ಪುಟ್ಟತಾಯಿ ಬೆಳಿಗ್ಗೆ ನೀರಿಗೆ ಯಾಕೆ ಹೋಗಲಿಲ್ಲ ಅಂತ ಸಂಜೆ ಕೇಳಿದರೆ ಉತ್ತರವಿಲ್ಲ. ಬ್ರೇಕ್‌ಪಾಯಿಂಟ್, ಅಂದರೆ ಕೋಡ್‌ನ ಒಂದು ಸಾಲಿನಲ್ಲಿ ಆಟ ನಿಲ್ಲಿಸುವ ಗುರುತು, ಇಟ್ಟರೆ ಇಡೀ ಊರೇ ನಿಲ್ಲುತ್ತದೆ. ಎಲ್ಲರಿಗೂ ಒಂದೇ ಸ್ಕ್ರಿಪ್ಟ್, ಯಾರ ಸರದಿ ಬಂದರೂ ನಿಲ್ಲುತ್ತದೆ. ಕೊನೆಗೆ ಪ್ರತಿಯೊಬ್ಬರ ಹಿಂದಿನ 50 ನಿರ್ಧಾರಗಳನ್ನು ಕಾರಣದ ಸಮೇತ ಒಂದು ಅರೇಯಲ್ಲಿ, ಅಂದರೆ ಪಟ್ಟಿಯಲ್ಲಿ, ಇಟ್ಟುಕೊಂಡೆ. ಅದೂ ರಿಮೋಟ್‌ನಲ್ಲೇ ಕಾಣುತ್ತದೆ. ಜೀವನದ ಆಟ ಮಾಡುವವರು ಇದನ್ನು ಮೊದಲೇ ಮಾಡಿಕೊಳ್ಳಿ.

ಇನ್ನೊಂದು ಕಿರಿಕಿರಿ ಟೈಮ್ ಸ್ಕೇಲ್, ಅಂದರೆ ಆಟದ ಸಮಯ ಓಡುವ ವೇಗ. ದಿನವನ್ನು ಬೇಗ ಓಡಿಸೋಕೆ ಅದನ್ನು ಜಾಸ್ತಿ ಮಾಡಿದರೆ, ಫಿಸಿಕ್ಸ್, ಅಂದರೆ ಓಡಾಟ, ಡಿಕ್ಕಿಗಳ ಲೆಕ್ಕ, ಮಾತ್ರ ಸೆಕೆಂಡಿಗೆ 60 ಸಲವೇ ನಡೆಯುತ್ತದೆ. ಒಂದೊಂದು ಹೆಜ್ಜೆಯೂ ಉದ್ದ. ಜನ ಬಾಗಿಲು ದಾಟಿ ಹೋಗಿ, ವಾಪಸ್ ಬಂದು, ಮತ್ತೆ ದಾಟುತ್ತಾರೆ. ಆ 60ನ್ನು, ಅಂದರೆ ಫಿಸಿಕ್ಸ್ ಟಿಕ್ಸ್ ಅನ್ನು, ಕೂಡ ಏರಿಸಬೇಕು. ಆಗ ನನ್ನ ಲ್ಯಾಪ್‌ಟಾಪ್ ಫ್ಯಾನ್ ಸದ್ದಿಗೆ ಗಿರಾಕಿಗಳು ತಿರುಗಿ ನೋಡುತ್ತಾರೆ. ಡೀಬಗರ್‌ನ ಮಾನಿಟರ್ಸ್‌ನಲ್ಲಿ ‘ಆರ್ಫನ್ ನೋಡ್ಸ್’ (ಸೀನ್‌ನಲ್ಲಿ ಇಲ್ಲದಿದ್ದರೂ ಅಳಿಯದೆ ಉಳಿದ ವಸ್ತುಗಳು) ಗೆರೆ ಮೇಲೇರುತ್ತಿದೆಯಾ ಅಂತಲೂ ನೋಡ್ತಾ ಇರಿ. ಊರು ಬಿಟ್ಟು ಹೋದವರು ಮೆಮೊರಿ ಬಿಟ್ಟಿಲ್ಲ ಅಂತ ಅರ್ಥ.

ಕನ್ನಡದವರಿಗೆ ಒಂದು ಮಾತು. ಗೋಡೋ 3ರಲ್ಲಿ ಒತ್ತಕ್ಷರ ಕೂಡುತ್ತಿರಲಿಲ್ಲ. 4ರಲ್ಲಿ ಪುಟ್ಟತಾಯಿಯ ‘ಟ್ಟ’ ಚೆನ್ನಾಗಿ ಕೂಡುತ್ತದೆ. ಬ್ರೌಸರ್‌ನಲ್ಲಿ ಓಡುವ ಹಾಗೆ ಎಕ್ಸ್‌ಪೋರ್ಟ್ ಮಾಡುವವರು ಮಾತ್ರ ನೋಟೋ ಸಾನ್ಸ್ ಕನ್ನಡದಂಥ ಫಾಂಟನ್ನು ಪ್ರಾಜೆಕ್ಟ್ ಒಳಗೇ ಹಾಕಿಕೊಳ್ಳಿ. ಅಲ್ಲಿ ಸಿಸ್ಟಂ ಫಾಂಟ್ ಸಿಗುವುದಿಲ್ಲ, ಹೆಸರಿನ ಜಾಗದಲ್ಲಿ ಬರೀ ಚೌಕ ಬರುತ್ತದೆ.